ತಂದೆಯಾಗಿ ರವೀಂದ್ರನಾಥ ಠಾಕೂರರು

ವಿಶ್ವಕವಿ ರವೀಂದ್ರನಾಥ ಠಾಕೂರರನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳು ಅಲ್ಪವಲ್ಲ. ಆದರೆ ಅವು ಬಹುಮಟ್ಟಿಗೆ ಗೀತಾಂಜಲಿಯ ಕವಿಯನ್ನೋ ಶಾಂತಿನಿಕೇತನದ ಗುರುದೇವರನ್ನೋ ತೋರಿಸುತ್ತವೆಯೇ ಹೊರತು, ಐವರು ಮಕ್ಕಳ ತಂದೆಯಾಗಿ ಅಂಜುತ್ತ, ಎಡವುತ್ತ, ಮತ್ತೆ ಎದ್ದು ನಡೆದ ಗೃಹಸ್ಥನನ್ನು ತೋರಿಸುವುದು ವಿರಳ. ಪರರ ಮಕ್ಕಳನ್ನು ತಿದ್ದುವ ವೃತ್ತಿಯವರಾದ ನಮಗೆ ಆ ಗೃಹಸ್ಥನ ಪರಿಚಯವೂ ಆವಶ್ಯಕವೆಂದು ಬಗೆದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

1861ರಲ್ಲಿ ಕಲಕತ್ತೆಯ ಜೋಡಾಸಾಂಕೊ ಮನೆಯಲ್ಲಿ ಜನಿಸಿದ ರವೀಂದ್ರರು 1883ರಲ್ಲಿ ನಮ್ಮ ಕಾರವಾರದಲ್ಲಿ ಕೆಲಕಾಲ ತಂಗಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರು. ಆ ಕಡಲದಂಡೆಯಲ್ಲಿ ರಚಿತವಾದ 'ಪ್ರಕೃತಿರ್ ಪ್ರತಿಶೋಧ್' ನಾಟಕದಲ್ಲಿ, ಸಕಲ ಬಂಧನಗಳನ್ನೂ ಕಡಿದುಕೊಂಡೆನೆಂದು ಬೀಗಿದ ಸಂನ್ಯಾಸಿಯೊಬ್ಬನು ಅನಾಥ ಬಾಲೆಯೊಬ್ಬಳ ಮಮತೆಗೆ ಸಿಲುಕಿ, ಆ ಮಮತೆಗೇ ಹೆದರಿ ಅವಳನ್ನು ತೊರೆದು, ಮರಳಿ ಬರುವ ವೇಳೆಗೆ ಅವಳನ್ನು ಕಳೆದುಕೊಂಡಿರುತ್ತಾನೆ. ಇದನ್ನು ಬರೆದಾಗ ಕವಿಗೆ ವಿವಾಹವೂ ಆಗಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮೃಣಾಲಿನೀದೇವಿಯವರ ಪಾಣಿಗ್ರಹಣ ಮಾಡಿದರು. ಮಾಧುರೀಲತಾ, ರಥೀಂದ್ರನಾಥ, ರೇಣುಕಾ, ಮೀರಾ, ಶಮೀಂದ್ರನಾಥ ಎಂಬ ಐವರು ಮಕ್ಕಳಾದರು.

ಬಾಲ್ಯವಿವಾಹವನ್ನು 1887ರಲ್ಲಿಯೇ ಲೇಖನಮುಖವಾಗಿ ಖಂಡಿಸಿದ ಈ ತಂದೆಯು 1901ರಲ್ಲಿ ಹದಿನಾಲ್ಕು ವರ್ಷದ ಮಾಧುರೀಲತೆಯನ್ನೂ ಹತ್ತು ವರ್ಷದ ರೇಣುಕೆಯನ್ನೂ ಕೆಲವೇ ತಿಂಗಳ ಅಂತರದಲ್ಲಿ ಧಾರೆಯೆರೆದು ಕೊಟ್ಟರು. ಮಹಾತ್ಮರ ಚರಿತ್ರೆಯೆಂದು ಇಂಥದನ್ನು ಮುಚ್ಚಿಡುವುದು ನ್ಯಾಯವಲ್ಲ. ಪೂಜ್ಯ ಪಿತ ಮಹರ್ಷಿ ದೇವೇಂದ್ರನಾಥರ ಕಾಲದಲ್ಲಿ ಮನೆತನದ ಕಟ್ಟನ್ನು ಮೀರುವ ಎದೆಗಾರಿಕೆ ಅವರಿಗೆ ಇನ್ನೂ ಬಂದಿರಲಿಲ್ಲವೆಂದೇ ನನ್ನ ಎಣಿಕೆ. ಅಣ್ಣನ ಮಗ ಬಲೇಂದ್ರನಾಥನು 1899ರಲ್ಲಿ ಅಕಾಲಮರಣಕ್ಕೀಡಾದ ಮೇಲೆ, ಅವನ ಎಳೆಯ ವಿಧವೆಗೆ ತವರಿನವರು ಪುನರ್ವಿವಾಹ ಮಾಡಿಸಲು ಮುಂದಾದಾಗ, ತಂದೆಯ ಆಜ್ಞೆಯಂತೆ ಅಲಹಾಬಾದಿಗೆ ತೆರಳಿ ಅದನ್ನು ತಪ್ಪಿಸಿ ಅವಳನ್ನು ಹಿಂದಕ್ಕೆ ಕರೆತಂದವರೂ ಇದೇ ರವೀಂದ್ರರು.

1901ರ ಡಿಸೆಂಬರಿನಲ್ಲಿ ಶಾಂತಿನಿಕೇತನದ ವಿದ್ಯಾಲಯ ಆರಂಭವಾಯಿತು. ವಿದ್ಯಾರ್ಥಿಗಳು ಐವರು, ಅವರಲ್ಲಿ ಒಬ್ಬನು ಸ್ವಂತ ಮಗ ರಥೀಂದ್ರ. ಶಾಲೆಯ ವೆಚ್ಚಕ್ಕೆ ಮೃಣಾಲಿನೀದೇವಿಯವರು ತಮ್ಮ ಒಡವೆಗಳನ್ನು ಕೊಟ್ಟರು. ವರ್ಷ ತುಂಬುವುದರೊಳಗೆ, 1902ರ ನವೆಂಬರ್ 23ರಂದು ಆ ಸಾಧ್ವಿ ಕಣ್ಮುಚ್ಚಿದರು. ಬೆನ್ನಿಗೇ ರೇಣುಕೆಗೆ ಕ್ಷಯ. ರೋಗಿಯಾದ ಮಗಳನ್ನು ಕರೆದುಕೊಂಡು ತಂದೆ ಹಜಾರಿಬಾಗಿಗೆ ಹೋದರು, ಅಲ್ಲಿಂದ ಹಿಮಾಲಯದ ಆಲ್ಮೋರಾಕ್ಕೆ ಹೋದರು. ತಾಯಿಯಿಲ್ಲದ ಮಕ್ಕಳಿಗಾಗಿ ಅವರು ಬರೆದ 'ಶಿಶು' ಸಂಕಲನದ ಕವಿತೆಗಳು ಆ ಶುಶ್ರೂಷೆಯ ನಡುವೆಯೇ ಹುಟ್ಟಿದವು. ನಗುವ ಮಗುವಿನ ಆ ಪದ್ಯಗಳನ್ನು ತರಗತಿಯಲ್ಲಿ ಓದಿಸುವಾಗ, ಅವುಗಳ ಪಕ್ಕದಲ್ಲಿ ಒಂದು ರೋಗಶಯ್ಯೆಯಿತ್ತೆಂಬುದು ನೆನಪಿಗೆ ಬಂದರೆ ಕಂಠ ತಡೆಯುತ್ತದೆ. 1903ರ ಸೆಪ್ಟೆಂಬರಿನಲ್ಲಿ ರೇಣುಕಾ ತೀರಿಕೊಂಡಳು.

ಇಷ್ಟನ್ನು ಕಂಡ ತಂದೆ ಉಳಿದ ಮಕ್ಕಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂರುವುದು ಸಹಜವಾಗಿತ್ತು. ಅವರು ಹಾಗೆ ಮಾಡಲಿಲ್ಲ. 1906ರಲ್ಲಿ ಹದಿನೇಳರ ರಥೀಂದ್ರನನ್ನು ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಬ್ಯಾರಿಸ್ಟರಿಕೆಗಲ್ಲ, ವ್ಯವಸಾಯಶಾಸ್ತ್ರ ಕಲಿಯುವುದಕ್ಕೆ. ಮರುವರ್ಷ, 1907ರ ರಜೆಯಲ್ಲಿ, ಗೆಳೆಯನೊಡನೆ ಮುಂಗೇರಿಗೆ ಹೋಗಿದ್ದ ಹನ್ನೊಂದರ ಶಮೀಂದ್ರನಿಗೆ ಕಾಲರಾ ತಗಲಿತು. ತಂದೆ ಧಾವಿಸಿ ಹೋದರು, ಮಗು ಉಳಿಯಲಿಲ್ಲ. ಅಂದು ಕೂಡ ನವೆಂಬರ್ 23. ಐದು ವರ್ಷಗಳ ಹಿಂದೆ ತಾಯಿ ತೀರಿಹೋದ ದಿನ. ದೂರದೇಶದಲ್ಲಿದ್ದ ಹಿರಿಯ ಮಗನನ್ನು ಅವರು ಓದು ಬಿಡಿಸಿ ಕರೆಸಿಕೊಳ್ಳಲಿಲ್ಲ. ಅವನು ಪದವಿ ಪಡೆದೇ 1909ರಲ್ಲಿ ಮರಳಿದನು.

1910ರ ಜನವರಿಯಲ್ಲಿ ಆ ಮಗನಿಗೆ ಬಾಲವಿಧವೆಯಾಗಿದ್ದ ಪ್ರತಿಮಾದೇವಿಯನ್ನು ತಂದುಕೊಂಡರು. ಜೋಡಾಸಾಂಕೊ ಮನೆತನದಲ್ಲಿ ನಡೆದ ಮೊದಲ ವಿಧವಾವಿವಾಹವಿದು. ಮಹರ್ಷಿಗಳು 1905ರಲ್ಲಿಯೇ ಕಾಲವಶರಾಗಿದ್ದರೆಂಬುದು ನಿಜ. ಆದರೂ ಅಲಹಾಬಾದಿನಿಂದ ಒಬ್ಬ ವಿಧವೆಯನ್ನು ಹಿಂದಕ್ಕೆ ಕರೆತಂದ ಕೈಯೇ ಮತ್ತೊಬ್ಬಳನ್ನು ಸೊಸೆಯಾಗಿ ಒಳಗೆ ಬರಮಾಡಿಕೊಂಡಿತೆಂಬುದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇಷ್ಟು ಸುಲಭವಾಗಿ ಋಣ ತೀರಲಿಲ್ಲ. ಮಾಧುರೀಲತೆಯ ಗಂಡನಿಗೂ ಮಾವನಿಗೂ ಮನಸ್ಸು ಮುರಿದಿತ್ತು. ಅವಳು ಕ್ಷಯದಿಂದ ಹಾಸಿಗೆ ಹಿಡಿದಾಗ, ನೊಬೆಲ್ ಪುರಸ್ಕೃತನಾಗಿ ಲೋಕವೇ ಗೌರವಿಸುತ್ತಿದ್ದ ಕವಿ, ಅಳಿಯನು ಮನೆಯಲ್ಲಿಲ್ಲದ ವೇಳೆ ನೋಡಿ ಮಗಳ ಬಳಿ ಹೋಗಿ ಕುಳಿತು ಬರುತ್ತಿದ್ದರು. 1918ರ ಮೇ 16ರಂದು ಹೋದಾಗ ಎಲ್ಲವೂ ಮುಗಿದಿತ್ತು. ಮೇಲೆ ಹತ್ತದೆಯೇ ಹಿಂದಿರುಗಿದರು.

ಹದಿಮೂರನೆಯ ವಯಸ್ಸಿನಲ್ಲಿ, 1907ರಲ್ಲಿ, ಮದುವೆಯಾಗಿದ್ದ ಮೀರಾಳ ದಾಂಪತ್ಯವೂ ಕೂಡಿಬರಲಿಲ್ಲ. ಆಗ ರವೀಂದ್ರರು ಮಗಳಿಗೆ ಹೊಂದಿಕೊಂಡು ಹೋಗೆಂದು ಬುದ್ಧಿ ಹೇಳಲಿಲ್ಲ. ಅವಳ ದುಃಖಕ್ಕೆ ತಾನೇ ಕಾರಣನೆಂದು ಮಗ ರಥೀಂದ್ರನಿಗೆ ಪತ್ರ ಬರೆದು ಒಪ್ಪಿಕೊಂಡರು. ಅವಳು ಬೇರೆಯಾಗಿ ಬಾಳುವುದಕ್ಕೆ ಬೆಂಬಲವಾಗಿ ನಿಂತರು. 1932ರಲ್ಲಿ, ಮುದ್ರಣವಿದ್ಯೆ ಕಲಿಯಲೆಂದು ಜರ್ಮನಿಗೆ ಹೋಗಿದ್ದ ಮೀರಾಳ ಒಬ್ಬನೇ ಮಗ ನೀತೀಂದ್ರನು ಅಲ್ಲಿಯೇ ತೀರಿಕೊಂಡನು. ಎಪ್ಪತ್ತೊಂದರ ವೃದ್ಧ ತಂದೆ ಮಗಳಿಗೊಂದು ಪತ್ರ ಬರೆದರು. ಶಮೀಂದ್ರನನ್ನು ಕಳೆದುಕೊಂಡು ರೈಲಿನಲ್ಲಿ ಮರಳುತ್ತಿದ್ದ ರಾತ್ರಿ, ಆಕಾಶದ ತುಂಬ ಬೆಳದಿಂಗಳಿದ್ದುದನ್ನೂ, ಅದರಲ್ಲಿ ಎಳ್ಳಷ್ಟೂ ಕೊರತೆ ತಮಗೆ ಕಾಣದಿದ್ದುದನ್ನೂ ಇಪ್ಪತ್ತೈದು ವರ್ಷಗಳ ತರುವಾಯ ಅದರಲ್ಲಿ ಅವಳಿಗೆ ತಿಳಿಸಿದರು.