ಮರಳಿ ಬಾರದ ವಿಮಾನಗಳ ಲೆಕ್ಕ: ಅಬ್ರಹಾಂ ವಾಲ್ಡ್ ಕಲಿಸಿದ ಪಾಠ

ಮೈತುಂಬಾ ಕೆಂಪು ಚುಕ್ಕೆಗಳಿರುವ ವಿಮಾನದ ಚಿತ್ರವೊಂದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತಿರುತ್ತದೆ. ಯುದ್ಧದಿಂದ ಮರಳಿದ ವಿಮಾನಗಳಿಗೆ ಗುಂಡು ತಗುಲಿದ ಜಾಗಗಳಿಗೆ ರಕ್ಷಾಕವಚ ಹಾಕಲು ಸೇನೆ ಹೊರಟಿತ್ತಂತೆ. ಚುಕ್ಕೆ ಇರುವ ಕಡೆ ಅಲ್ಲ, ಇಲ್ಲದ ಕಡೆ ಹಾಕಿ ಎಂದು ಗಣಿತಜ್ಞನೊಬ್ಬ ತಡೆದನಂತೆ. ಇದರಲ್ಲಿ ನಿಜವೆಷ್ಟು? ಆ ಗಣಿತಜ್ಞ ಯಾರು?

ಅವರ ಹೆಸರು ಅಬ್ರಹಾಂ ವಾಲ್ಡ್. ಹುಟ್ಟಿದ್ದು 1902ರ ಅಕ್ಟೋಬರ್ 31ರಂದು, ಆಗ ಆಸ್ಟ್ರಿಯಾ-ಹಂಗೆರಿಯಲ್ಲಿದ್ದ, ಈಗ ರೊಮೇನಿಯಾಕ್ಕೆ ಸೇರಿರುವ ಕ್ಲೂಜ್ ಊರಿನಲ್ಲಿ. ಮನೆಯವರು ಧರ್ಮನಿಷ್ಠ ಯಹೂದಿಗಳು. ಶನಿವಾರ ಶಾಲೆಗೆ ಹೋಗುವಂತಿರಲಿಲ್ಲ, ಹಾಗಾಗಿ ಹುಡುಗನ ಓದು ಬಹುಮಟ್ಟಿಗೆ ಮನೆಯಲ್ಲೇ ನಡೆಯಿತು. ಮುಂದೆ ವಿಯೆನ್ನಾ ವಿಶ್ವವಿದ್ಯಾಲಯ ಸೇರಿ 1931ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಪ್ರತಿಭೆಗೆ ಕೊರತೆ ಇರಲಿಲ್ಲ. ಆದರೆ ಯಹೂದಿ ಎಂಬ ಕಾರಣಕ್ಕೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಸಿಗಲಿಲ್ಲ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ವಾಲ್ಡ್ ಅಮೆರಿಕಕ್ಕೆ ತೆರಳಿದರು. ಯುರೋಪಿನಲ್ಲೇ ಉಳಿದ ಅವರ ಕುಟುಂಬದ ಬಹುತೇಕರು ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಸಂಖ್ಯಾಶಾಸ್ತ್ರಕ್ಕೆ ಹೊರಳಿದರು. 1940ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ರಿಗ್ರೆಶನ್ ಕುರಿತದ್ದು. ಎರಡು ಸಂಗತಿಗಳ ನಡುವಿನ ಸಂಬಂಧವನ್ನು ಒಂದು ಗೆರೆಯಲ್ಲಿ ಹಿಡಿದಿಡುವ ವಿಧಾನವೇ ರಿಗ್ರೆಶನ್. ಉದಾಹರಣೆಗೆ, ಉಪ್ಪು ಎಷ್ಟು ತಿಂದರೆ ಬಿಪಿ ಎಷ್ಟು ಏರುತ್ತದೆ ಎಂದು ತಿಳಿಯಬೇಕು ಎಂದುಕೊಳ್ಳಿ. ಜನ ನೆನಪಿನಿಂದ ಹೇಳುವ ಉಪ್ಪಿನ ಲೆಕ್ಕ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಿಬಿಡುತ್ತದೆ. ಇಂಥ ಅಳತೆಯ ಮೇಲೆ ಸಾಮಾನ್ಯ ರೀತಿಯಲ್ಲಿ ಗೆರೆ ಎಳೆದರೆ ಅದು ನಿಜಕ್ಕಿಂತ ಚಪ್ಪಟೆಯಾಗುತ್ತದೆ, ಇರುವ ಸಂಬಂಧ ಮಸುಕಾಗಿ ಕಾಣುತ್ತದೆ. ಎರಡೂ ಅಳತೆಗಳಲ್ಲಿ ತಪ್ಪಿದ್ದಾಗ ಏನು ಮಾಡಬೇಕೆಂಬುದಕ್ಕೆ ವಾಲ್ಡ್ ಒಂದು ದಾರಿ ತೋರಿಸಿದರು: ಡೇಟಾವನ್ನು ಎರಡು ಗುಂಪು ಮಾಡಿ, ಆ ಗುಂಪುಗಳ ಸರಾಸರಿ ಬಿಂದುಗಳನ್ನು ಜೋಡಿಸುವುದು. ಗುಂಪು ಮಾಡುವ ಬಗೆ ಮಾತ್ರ ಅಳತೆಯ ತಪ್ಪನ್ನು ಅವಲಂಬಿಸಿರಬಾರದು.

ಎರಡನೇ ಮಹಾಯುದ್ಧದ ಹೊತ್ತಿಗೆ ಕೊಲಂಬಿಯಾದಲ್ಲಿ ಸೇನೆಗಾಗಿ ಲೆಕ್ಕ ಹಾಕುವ ಸಂಖ್ಯಾಶಾಸ್ತ್ರಜ್ಞರ ತಂಡವೊಂದಿತ್ತು. ವಾಲ್ಡ್ ಅದರಲ್ಲಿದ್ದರು. ವಿಮಾನಗಳ ಸಮಸ್ಯೆ ಅವರ ಮುಂದೆ ಬಂದದ್ದು ಅಲ್ಲೇ.

1943ರ ವರದಿಯಲ್ಲಿ ಅವರು ಬಳಸಿದ ಒಂದು ಕಾಲ್ಪನಿಕ ಉದಾಹರಣೆ ನೋಡೋಣ. 400 ವಿಮಾನಗಳು ಹೊರಟವು, 380 ಮರಳಿದವು. ಮರಳಿದವುಗಳಲ್ಲಿ 320ಕ್ಕೆ ಒಂದೂ ಗುಂಡು ತಗುಲಿಲ್ಲ. 32ಕ್ಕೆ ಒಂದು, 20ಕ್ಕೆ ಎರಡು, 4ಕ್ಕೆ ಮೂರು, 2ಕ್ಕೆ ನಾಲ್ಕು, 2ಕ್ಕೆ ಐದು ಗುಂಡು ತಗುಲಿವೆ. ಬಾರದ 20 ವಿಮಾನಗಳಿಗೆ ಎಷ್ಟು ತಗುಲಿದವು? ಗೊತ್ತಿಲ್ಲ. ಆ ಸಾಲುಗಳು ಖಾಲಿ.

ಈ ಖಾಲಿ ಸಾಲುಗಳನ್ನು ಏನು ಮಾಡುವುದು? ಇವತ್ತಿಗೂ ಹಲವರು ಮಾಡುವ ಸುಲಭದ ಕೆಲಸ ಅವನ್ನು ಅಳಿಸಿಬಿಡುವುದು. ಆಗ ಗುಂಡು ತಿಂದ 60 ವಿಮಾನಗಳು ಮಾತ್ರ ಉಳಿಯುತ್ತವೆ, ಅವು ಅರವತ್ತೂ ಮರಳಿವೆ. ಹಾಗಾದರೆ ಗುಂಡಿನಿಂದ ವಿಮಾನಕ್ಕೆ ಅಪಾಯವೇ ಇಲ್ಲ ಎಂದಾಯಿತು! ಇನ್ನೊಂದು ಸುಲಭದ ಕೆಲಸ ಖಾಲಿ ಜಾಗಕ್ಕೆ ಸರಾಸರಿ ತುಂಬುವುದು. ಮರಳಿದ ವಿಮಾನಗಳ ಸರಾಸರಿ ಕಾಲು ಗುಂಡಿಗಿಂತ ತುಸು ಹೆಚ್ಚು. ಉರುಳಿದ ವಿಮಾನಕ್ಕೂ ಅಷ್ಟೇ ತಗುಲಿತ್ತು ಎಂದರೆ ಯಾರು ನಂಬುತ್ತಾರೆ?

ವಾಲ್ಡ್ ಅಳಿಸಲೂ ಇಲ್ಲ, ಸರಾಸರಿ ತುಂಬಲೂ ಇಲ್ಲ. ಆ ಸಾಲು ಯಾಕೆ ಖಾಲಿಯಾಯಿತು ಎಂದು ಕೇಳಿದರು. ಗುಂಡು ತಗುಲಿದ್ದಕ್ಕೇ ವಿಮಾನ ಬಿತ್ತು, ವಿಮಾನ ಬಿದ್ದದ್ದಕ್ಕೇ ಮಾಹಿತಿ ಇಲ್ಲ. ಗುಂಡು ತಗುಲದ ವಿಮಾನ ಮರಳಿಯೇ ಮರಳುತ್ತದೆ, ಪ್ರತಿ ಗುಂಡಿನ ಅಪಾಯವೂ ಒಂದೇ ಎಂಬಂಥ ಊಹೆಗಳನ್ನು ಮೊದಲೇ ಸ್ಪಷ್ಟವಾಗಿ ಬರೆದುಕೊಂಡು ಲೆಕ್ಕ ಹಾಕಿದರು. ಒಂದು ಗುಂಡು ತಗುಲಿದರೂ ವಿಮಾನ ಉಳಿಯುವ ಸಾಧ್ಯತೆ ಸುಮಾರು 85% ಎಂಬ ಉತ್ತರ ಬಂತು. ಅಂದರೆ ನೂರು ಗುಂಡುಗಳಲ್ಲಿ ಸುಮಾರು ಹದಿನೈದು ಮಾರಕ. ಎಂಜಿನ್, ಇಂಧನ ವ್ಯವಸ್ಥೆ ಹೀಗೆ ಒಂದೊಂದು ಭಾಗದ ಅಪಾಯವನ್ನು ಬೇರೆ ಬೇರೆಯಾಗಿ ಅಂದಾಜಿಸುವ ವಿಧಾನವನ್ನೂ ಕೊಟ್ಟರು.

ಹಾಗಾದರೆ ಫಾರ್ವರ್ಡ್ ನಿಜವೇ? ತಿರುಳು ನಿಜ, ಅಲಂಕಾರ ಅಲ್ಲ. ಕೆಂಪು ಚುಕ್ಕೆಗಳ ಆ ಚಿತ್ರ ವಾಲ್ಡ್ ಬರೆದದ್ದಲ್ಲ, ಈಚಿನ ವರ್ಷಗಳಲ್ಲಿ ವಿಷಯ ವಿವರಿಸಲು ಮಾಡಿದ್ದು. ಸೇನಾಧಿಕಾರಿಗಳ ಜೊತೆಗಿನ ನಾಟಕೀಯ ಮಾತುಕತೆಯೂ ಅವರ ವರದಿಯಲ್ಲಿಲ್ಲ. ಅಲ್ಲಿರುವುದು ಸಮೀಕರಣಗಳು ಮತ್ತು ಕೋಷ್ಟಕಗಳು.

1950ರಲ್ಲಿ ವಾಲ್ಡ್ ಉಪನ್ಯಾಸಗಳಿಗೆಂದು ಪತ್ನಿ ಲೂಸಿಲ್ ಜೊತೆ ಭಾರತಕ್ಕೆ ಬಂದರು. ಆ ವರ್ಷದ ಡಿಸೆಂಬರ್ 13ರಂದು ಅವರಿದ್ದ ವಿಮಾನ ನೀಲಗಿರಿ ಬೆಟ್ಟಗಳಲ್ಲಿ ಅಪಘಾತಕ್ಕೀಡಾಗಿ ಇಬ್ಬರೂ ತೀರಿಕೊಂಡರು. ವಾಲ್ಡ್ ಅವರಿಗೆ ಆಗ 48 ವರ್ಷ. ಅವರ ಹೆಸರಿನ ಪರೀಕ್ಷೆಯನ್ನು ರಿಗ್ರೆಶನ್ ಫಲಿತಾಂಶಗಳನ್ನು ಒರೆಗೆ ಹಚ್ಚಲು ಇಂದಿಗೂ ಬಳಸುತ್ತಾರೆ. ಪಠ್ಯಪುಸ್ತಕಗಳಲ್ಲಿ ಅದರ ಪಕ್ಕದಲ್ಲೇ ಸಿಗುವ ಇನ್ನೊಂದು ಪರೀಕ್ಷೆಯನ್ನು 1948ರಲ್ಲಿ ಕೊಟ್ಟವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್.

ವಾಲ್ಡ್ ಕೇಳಿದ ಪ್ರಶ್ನೆ ನಮಗೂ ದಿನನಿತ್ಯ ಬೇಕು. ತೂಕ ಇಳಿಸುವ ಪುಡಿ ಬಳಸಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಗುಣ ಸಿಕ್ಕಿದೆ ಎಂಬ ಸಂದೇಶ ಬಂತೆನ್ನಿ. ಮೊದಲು ಕೇಳಬೇಕಾದ್ದು: ಅರ್ಧಕ್ಕೇ ಬಿಟ್ಟವರು ಈ ಲೆಕ್ಕದಲ್ಲಿದ್ದಾರೆಯೇ? ಪ್ರಶ್ನೆಗೆ ಉತ್ತರಿಸದೆ ಉಳಿದವರು ಎಷ್ಟು ಮಂದಿ, ಯಾಕೆ ಉಳಿದರು? ತೂಕ ನೋಡಿದ್ದು ತಕ್ಕಡಿಯಲ್ಲೋ, ಬರೀ ನೆನಪಿನಲ್ಲೋ? ಡೇಟಾ ಜೊತೆ ಕೆಲಸ ಮಾಡುವವರಾದರೆ ಇನ್ನೂ ಸ್ವಲ್ಪ ಕೆಲಸವಿದೆ. ಒಂದೇ ಸಾಲು ಎರಡು ಸಲ ಸೇರಿದೆಯೇ, ಮಾಹಿತಿ ಇಲ್ಲ ಎನ್ನಲು ಹಾಕಿದ 999 ನಿಜವಾದ ವಯಸ್ಸೆಂದು ಲೆಕ್ಕಕ್ಕೆ ಬಂದಿದೆಯೇ, ಕಿಲೋ ಮತ್ತು ಪೌಂಡ್ ಬೆರೆತಿವೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಇಷ್ಟಕ್ಕೆ ಉತ್ತರ ಸಿಗದಿದ್ದರೆ ಆ ತೊಂಬತ್ತು ಎಂಬ ಸಂಖ್ಯೆಯನ್ನು ನಂಬುವುದೂ ಬೇಡ, ಹಂಚುವುದೂ ಬೇಡ.