ಮಳೆಯ ಲೆಕ್ಕ ಹಿಡಿದ ವಾಕರ್

ಎಕ್ಸೆಲ್‌ನಲ್ಲಿ ನಾಲ್ಕು ಕ್ಲಿಕ್ ಮಾಡಿದ್ರೆ ನಮಗೆ ಕೋರಿಲೇಶನ್ ಟೇಬಲ್ ರೆಡಿ. ಗಿಲ್ಬರ್ಟ್ ವಾಕರ್ ಕಾಲದಲ್ಲಿ ಗುಮಾಸ್ತರು ಒಂದೊಂದು ಅಂಕಿಯನ್ನೂ ಕೈಯಲ್ಲೇ ಲೆಕ್ಕ ಹಾಕಬೇಕಿತ್ತು.

1868ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಾಕರ್, 1889ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಗೇ ಮೊದಲಿಗರು. ಹವಾಮಾನಶಾಸ್ತ್ರ ಅವರ ವಿಷಯವೇ ಆಗಿರಲಿಲ್ಲ. ಆದರೂ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. 1899ರಲ್ಲಿ ಮಳೆ ಕೈಕೊಟ್ಟು ಬಂದ ಬರಗಾಲವನ್ನು ಜನ ಇನ್ನೂ ಮರೆತಿರಲಿಲ್ಲ. ಮುಂಗಾರು ಹೇಗಿರುತ್ತೆ ಅಂತ ಮೊದಲೇ ಹೇಳೋದು ಅವರ ಕೆಲಸ.

ಅದಕ್ಕೆ ಸೂತ್ರ ಇರಲಿಲ್ಲ. ವಾಕರ್ ಜಗತ್ತಿನ ನಾನಾ ಊರುಗಳ ಗಾಳಿಯ ಒತ್ತಡ, ಉಷ್ಣಾಂಶ, ಮಳೆಯ ಅಂಕಿಗಳನ್ನು ಎರಡೆರಡಾಗಿ ಜೋಡಿಸಿ, ಸಹಸಂಬಂಧದ ಗುಣಾಂಕ ತೆಗೆದು, ಕೋಷ್ಟಕಗಳಲ್ಲಿ ಅಚ್ಚು ಹಾಕಿಸಿದರು. ಶಾಂತಸಾಗರದಲ್ಲಿ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತೆ ಅನ್ನೋದು ಹಾಗೆ ಕಂಡಿತು. ಅದಕ್ಕೆ ಸದರ್ನ್ ಆಸಿಲೇಶನ್ ಅಂತ ಹೆಸರಿಟ್ಟರು.

ಆದರೆ ಕಂಡದ್ದನ್ನೆಲ್ಲ ಅವರು ನಂಬಲಿಲ್ಲ. ನೂರಾರು ಜೋಡಿ ಹುಡುಕಿದರೆ, ಸಂಬಂಧವೇ ಇಲ್ಲದ ಕೆಲವು ಜೋಡಿಗಳೂ ಆಕಸ್ಮಿಕವಾಗಿ ದೊಡ್ಡ ಅಂಕಿ ಕೊಡುತ್ತವೆ. ಹಾಗಾಗಿ ಟೇಬಲ್‌ನ ಅತಿ ದೊಡ್ಡ ಅಂಕಿಯನ್ನು ತೂಗುವಾಗ, ಒಟ್ಟು ಎಷ್ಟು ಜೋಡಿ ನೋಡಿದ್ದೇವೆ ಅನ್ನೋದೂ ಲೆಕ್ಕಕ್ಕೆ ಬರಬೇಕು ಅಂತ 1914ರಲ್ಲೇ ತೋರಿಸಿದರು.

ಇಷ್ಟಾದರೂ ಮುಂಗಾರು ಅವರ ಕೈಗೆ ಸಿಗಲಿಲ್ಲ. 1924ರಲ್ಲಿ ನಿವೃತ್ತರಾದರು, 1958ರಲ್ಲಿ ತೀರಿಕೊಂಡರು. 1969ರಲ್ಲಿ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್ ಆ ಏರಿಳಿತವನ್ನು ಎಲ್ ನಿನೋ ಜೊತೆ ಬೆಸೆದು, ಅದರ ಹಿಂದಿನ ಗಾಳಿಯ ಸುತ್ತಿಗೆ ವಾಕರ್ ಹೆಸರನ್ನೇ ಇಟ್ಟರು.

ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲೂ 0.8 ಬಂದ ಜೋಡಿಯನ್ನಷ್ಟೇ ಮೆರೆಸೋದು ಬೇಡ. ನೋಡಿ ಕೈಬಿಟ್ಟ ಜೋಡಿಗಳಿಗೂ ಟೇಬಲ್‌ನಲ್ಲಿ ಜಾಗ ಕೊಡೋಣ.