ಕಾಡುಹೊಳೆಯ ಯಾತ್ರಿಕ ಬುಕಾನನ್

ಫ್ರಾನ್ಸಿಸ್ ಬುಕಾನನ್ ಎಂಬ ಹೆಸರು ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಎಂದರೆ 1800ರ ಏಪ್ರಿಲ್ ತಿಂಗಳಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಒಂದು ವರ್ಷಕ್ಕೂ ಮೀರಿ ಸುತ್ತಿ, ಕಂಡುದನ್ನೂ ಕೇಳಿದುದನ್ನೂ ಮೂರು ದಪ್ಪ ಸಂಪುಟಗಳಲ್ಲಿ ತುಂಬಿಟ್ಟ ವೈದ್ಯ ಆತ. ನಮ್ಮ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಯಾರೇ ಆಗಲಿ, ಒಮ್ಮೆ ಆ ಸಂಪುಟಗಳ ಬಾಗಿಲನ್ನು ತಟ್ಟಿಯೇ ತೀರಬೇಕು. ಆದರೆ ಇವನು ನೆಲದ ಮೇಲೆ, ದುಭಾಷಿಯ ನೆರವಿನಿಂದ, ಊರಿಂದೂರಿಗೆ ನಡೆದ ಬುಕಾನನ್. ಇವನಿಗಿಂತ ಮೊದಲು ಇನ್ನೊಬ್ಬ ಬುಕಾನನ್ ಇದ್ದ. ಆತ ಮಳೆಕಾಡಿನ ಹೊಳೆಗಳಲ್ಲಿ ದೋಣಿಯೇರಿ ಹೋಗಿ, ಆ ಕಾಡನ್ನು ಬಲ್ಲವರಿಂದ ಪಾಠ ಹೇಳಿಸಿಕೊಂಡವನು. ನನ್ನ ಮೆಚ್ಚಿಗೆ ಆ ಮೊದಲಿನವನಿಗೆ. ಸಾಲಗಾಮೆಯ ಸುತ್ತಣ ಹಳ್ಳಿಗಳಿಂದ ಹಾಸನದ ಕಾಲೇಜುಗಳಿಗೆ ಬರುವ ಹುಡುಗರಿಗೆ ದೇಶ ಸುತ್ತಿದ ಬುಕಾನನ್ನನ ಹೆಸರು ಪಾಠದಲ್ಲಿ ಸಿಗುತ್ತದೆ. ದೋಣಿಯ ಬುಕಾನನ್ನನ ಗುರುತು ತಮ್ಮ ಊರ ಕೆರೆಯಲ್ಲಿಯೇ ಉಂಟೆಂದರೆ ನಂಬುವುದಿಲ್ಲ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಬುಕಾನನ್ ಹುಟ್ಟಿದುದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಷೈರಿನಲ್ಲಿ. ಎಡಿನ್‌ಬರೋ ನಗರದಲ್ಲಿ ವೈದ್ಯಶಾಸ್ತ್ರವನ್ನು ಕಲಿತು 1783ರಲ್ಲಿ ಪದವೀಧರನಾದ. ಅಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದವನು ಜಾನ್ ಹೋಪ್. ಆ ಕಾಲಕ್ಕೆ ಇನ್ನೂ ಹೊಸದಾಗಿದ್ದ ಲಿನೇಯಸ್ಸನ ನಾಮಕರಣ ಪದ್ಧತಿಯನ್ನು ಶಿಷ್ಯರ ತಲೆಯಲ್ಲಿ ಬಿತ್ತಿದ ಗುರು. ಹೋಪನ ಇನ್ನೊಬ್ಬ ಶಿಷ್ಯ ವಿಲಿಯಂ ರಾಕ್ಸ್‌ಬರ್ಗ್ ಮುಂದೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಮುಖ್ಯಸ್ಥನಾಗಿ, ಕಾಡುಮರಗಳ ಒಂದು ಕುಲಕ್ಕೆ ಗುರುವಿನ ನೆನಪಿಗಾಗಿ ಹೋಪಿಯ ಎಂದು ಹೆಸರಿಟ್ಟ. ನಮ್ಮ ಪಶ್ಚಿಮಘಟ್ಟದ ನಿತ್ಯಹಸುರಿನ ಕಾಡಿನಲ್ಲಿ ಬೆಳೆಯುವ ಹೈಗದ ಮರ ಈ ಕುಲದ್ದು. ಬರ್ಮಾ ದೇಶದವರು ದಿಮ್ಮಿಯನ್ನು ಕೊರೆದು ದೋಣಿ ಮಾಡುವ ತಿಂಗನ್ ಮರವೂ ಇದೇ ಕುಲದ್ದು. ಗುರುವಿನ ಹೆಸರು ಹೊತ್ತ ಮರದಲ್ಲಿಯೇ ಶಿಷ್ಯ ಹೊಳೆ ಏರಿದನೆಂದು ಬರೆಯುವ ಆಸೆಯಾಗುತ್ತದೆ. ಆದರೆ ಬುಕಾನನ್ ದೋಣಿ ಹತ್ತಿದ ಕಾಲಕ್ಕೆ ಆ ಹೆಸರು ಇನ್ನೂ ಪುಸ್ತಕಕ್ಕೆ ಬಂದಿರಲಿಲ್ಲ.

ಓದು ಮುಗಿದ ಮೇಲೆ ಕೆಲವು ಕಾಲ ಹಡಗಿನ ವೈದ್ಯನಾಗಿದ್ದು, 1794ರಲ್ಲಿ ಆತ ಕಂಪನಿಯ ಬಂಗಾಳದ ವೈದ್ಯಶಾಖೆಯನ್ನು ಸೇರಿದ. ಮರುವರ್ಷವೇ ಮೈಕೇಲ್ ಸೈಮ್ಸ್ ಎಂಬ ಅಧಿಕಾರಿಯ ನಾಯಕತ್ವದಲ್ಲಿ ಆವಾ ರಾಜನ ಆಸ್ಥಾನಕ್ಕೆ ಒಂದು ರಾಯಭಾರ ಹೊರಟಿತು. ಅದರ ವೈದ್ಯನಾಗಿ ಬುಕಾನನ್ ಹೋದ. ರಂಗೂನಿನಿಂದ ಐರಾವತಿ ನದಿಯನ್ನು ಏರಿ ಅಮರಾಪುರವನ್ನು ಮುಟ್ಟಲು ಮಳೆಗಾಲದ ಹಲವು ವಾರಗಳು ಬೇಕಾದುವು. ರಾಯಭಾರದವರು ಉಡುಗೊರೆ ಮರ್ಯಾದೆಗಳ ಚಿಂತೆಯಲ್ಲಿದ್ದರೆ, ವೈದ್ಯ ಗಿಡಗಳನ್ನು ಕೂಡಿಹಾಕಿದ, ಭಾಷೆಗಳ ಶಬ್ದಪಟ್ಟಿಗಳನ್ನು ಬರೆದುಕೊಂಡ. 1799ರಲ್ಲಿ ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಬಂದ ಆತನ ಲೇಖನ ಬರ್ಮಾದ ಭಾಷೆಗಳ ತೌಲನಿಕ ಶಬ್ದಕೋಶವನ್ನು ಕುರಿತದ್ದು, ಸಸ್ಯಗಳನ್ನು ಕುರಿತದ್ದಲ್ಲ. ಭಾಷೆಯ ಮೇಷ್ಟರಾದ ನಮಗೆ ಇದು ಸಂತೋಷದ ಸಂಗತಿ.

ಆ ದೇಶದ ಒಳನಾಡುಗಳನ್ನು ಆತ ಕಣ್ಣಾರೆ ನೋಡುವಂತಿರಲಿಲ್ಲ. ಆದುದರಿಂದ ಬಲ್ಲವರಿಂದ ನಕ್ಷೆಗಳನ್ನು ಬರೆಸಿದ. ಅವುಗಳಲ್ಲಿ ಒಂದನ್ನು ಬರೆದುಕೊಟ್ಟವನು ರಾಜನ ಹಿರಿಯ ಮಗನ ದಾಸ. ಕಾಲು ಶತಮಾನದ ತರುವಾಯ, 1820ರಲ್ಲಿ, ಎಡಿನ್‌ಬರೋದ ಪತ್ರಿಕೆಯೊಂದರಲ್ಲಿ ಬುಕಾನನ್ ಈ ನಕ್ಷೆಯನ್ನು ಪ್ರಕಟಿಸಿದಾಗ, ಅದು ಒಬ್ಬ ದಾಸನ ಕೈಬರಹವೆಂಬುದನ್ನು ಲೇಖನದ ತಲೆಬರಹದಲ್ಲಿಯೇ ಹೇಳಿದ. ದೊಡ್ಡವರ ಪುಸ್ತಕಗಳಲ್ಲಿ ಇಂಥವರಿಗೆ ಇಷ್ಟು ಜಾಗ ಸಿಗುವುದೂ ಅಪೂರ್ವ. ಆದರೆ ತಲೆಬರಹದಲ್ಲಿ ಇರುವುದು ದಾಸನೆಂಬ ಪದವಿ ಮಾತ್ರ, ದಾಸನ ಹೆಸರಲ್ಲ.

ಬರ್ಮಾದಿಂದ ಹಿಂದಿರುಗಿದವನನ್ನು ಕಂಪನಿ ಮೇಘನಾ ನದಿಯ ಮುಖದ ಸೀಮೆಯಲ್ಲಿ, ಲಕ್ಷ್ಮೀಪುರದ ಹತ್ತಿರದ ಪಟ್ಟಾಹಾಟ್ ಎಂಬಲ್ಲಿ ಇರಿಸಿತು. ಎರಡು ವರ್ಷ ಅಲ್ಲಿ ಮಾಡಲು ಹೆಚ್ಚು ಕೆಲಸವಿರಲಿಲ್ಲ. ಇನ್ನೊಬ್ಬ ವೈದ್ಯನಾಗಿದ್ದರೆ ಬೇಸರಪಟ್ಟು ಕುಡಿಯುತ್ತಿದ್ದನೇನೋ. ಈತ ಮೀನುಗಳನ್ನು ನೋಡತೊಡಗಿದ. ಇಪ್ಪತ್ತಾರು ವರ್ಷಗಳ ಮೇಲೆ ಪುಸ್ತಕವಾದ ವಿದ್ಯೆಗೆ ಬೀಜ ಬಿದ್ದುದು ಅಲ್ಲಿ.

1798ರಲ್ಲಿ ಕಲ್ಕತ್ತೆಯ ವಾಣಿಜ್ಯ ಮಂಡಳಿ ಆತನನ್ನು ಚಿತ್ತಗಾಂಗಿನ ಕಡೆಗೆ ಕಳುಹಿಸಿತು. ಮೆಣಸು ಮೊದಲಾದ ಸಂಬಾರ ಪದಾರ್ಥಗಳನ್ನು ಆ ಗುಡ್ಡಗಾಡಿನಲ್ಲಿ ಬೆಳೆಯಬಹುದೇ ಎಂಬುದನ್ನು ನೋಡಿ ಬರುವುದು ಕಾರ್ಯ. ಕಂಪನಿಗೆ ಕಾಡಿನ ಮೇಲೆ ಪ್ರೀತಿ ಉಕ್ಕಿದುದಲ್ಲ. ಲಾಭದ ಬಳ್ಳಿ ಎಲ್ಲಿ ಹಬ್ಬೀತೆಂಬ ವಿಚಾರಣೆ ಅದು. ಬುಕಾನನ್ ಈ ಕೆಲಸಕ್ಕೆ ಒಪ್ಪಿ ಹೋದ ಸೇವಕನೆಂಬುದನ್ನು ಮರೆಮಾಡಿ ಆತನನ್ನು ಹೊಗಳುವುದು ಸರಿಯಲ್ಲ. ಆದರೆ ಮಾರ್ಚಿಯಿಂದ ಮೇ ತಿಂಗಳವರೆಗಿನ ಆ ಪ್ರಯಾಣದಲ್ಲಿ ಆತ ಕಂಡುದು, ಬರೆದುದು, ಮೆಣಸಿನ ಲೆಕ್ಕವನ್ನು ಬಹು ದೂರ ಮೀರಿತು.

ಕರ್ಣಫುಲಿ ನದಿ ಕೆಳಗಡೆ ಸಮುದ್ರದ ಭರತ ಇಳಿತಗಳಿಗೆ ಸಿಕ್ಕಿದ್ದು. ಭರತ ಏರುವಾಗ ದೋಣಿ ಒಳನಾಡಿಗೆ ತಾನಾಗಿ ಸಾಗುತ್ತದೆ. ಮೇಲಕ್ಕೆ ಹೋದಂತೆ ಹೊಳೆ ಗುಡ್ಡಗಳ ನಡುವೆ ಕಿರಿದಾಗುತ್ತದೆ. ಬೇಸಿಗೆಯ ನೀರು ತೆಳುವಾಗಿ ಮರಳದಿಣ್ಣೆಗಳು ಎದ್ದಿರುತ್ತವೆ. ಅಂಥ ಕಡೆ ಒಂದೇ ಮರದ ದಿಮ್ಮಿಯನ್ನು ಕೊರೆದ ಸಣ್ಣ ದೋಣಿಗಲ್ಲದೆ ಬೇರೆಯದಕ್ಕೆ ದಾರಿಯಿಲ್ಲ. ಹುಟ್ಟು ನಡೆಯದಲ್ಲಿ ಬಿದಿರಿನ ಗಳುವನ್ನು ಊರಿ ತಳ್ಳಬೇಕು. ಎರಡು ದಡದಲ್ಲಿಯೂ ಬಿದಿರು, ಮುಗಿಲು ಮುಟ್ಟುವ ಗರ್ಜನ್ ಮರಗಳು. ಗರ್ಜನ್ ನಮ್ಮ ಘಟ್ಟದ ಧೂಪದ ಮರಗಳ ಹತ್ತಿರದ ನೆಂಟ. ನಮ್ಮ ಕಾಟಿಯ ಸಾಕಿದ ಬಂಧುವಾದ ಗಯಾಲ್ ಎಂಬ ದನ ಆ ಗುಡ್ಡಗಳದು, ಆನೆಗಳೂ ಅಲ್ಲಿಯವೇ. ಅಲ್ಲಿಯ ಜನ ಚಕಮಾ, ಮರ್ಮಾ, ಮ್ರೂ ಮೊದಲಾದವರು. ಒಂದೊಂದು ಗುಡ್ಡದ ಸಾಲಿಗೆ ಒಂದೊಂದು ನುಡಿ. ಇವರಲ್ಲಿ ಯಾರು ಯಾರ ಮಾತನ್ನು ಬಲ್ಲರು, ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ, ನೆರೆಯವರು ಇವರನ್ನು ಏನೆನ್ನುತ್ತಾರೆ ಎಂಬ ವಿವರಗಳಿಗೆ ಬುಕಾನನ್ ತೋರುವ ಶ್ರದ್ಧೆ ಅಂದಿನ ಅಧಿಕಾರಿಗಳಲ್ಲಿ ಕಾಣುವಂಥದಲ್ಲ. ಎರಡು ಹೆಸರುಗಳನ್ನೂ ಬರೆದುಕೊಳ್ಳುವುದು ಆತನ ಪದ್ಧತಿ.

ಹೋದ ಕಾಲವೂ ತಕ್ಕುದಾಗಿತ್ತು. ಗುಡ್ಡದವರು ಕಡಿದು ಒಣಗಿಸಿದ ಕಾಡಿಗೆ ಬೆಂಕಿಯಿಡುವುದೂ, ಮೊದಲ ಮಳೆಗೆ ಬೂದಿಯ ನೆಲದಲ್ಲಿ ಗುಣಿ ಮಾಡಿ ಭತ್ತ, ಹತ್ತಿ ಮೊದಲಾದುವನ್ನು ಒಟ್ಟಿಗೆ ಬಿತ್ತುವುದೂ ಅದೇ ತಿಂಗಳುಗಳಲ್ಲಿ. ಅದಕ್ಕೆ ಅಲ್ಲಿ ಝೂಮ್ ಎಂದು ಹೆಸರು. ಬುಕಾನನ್ ಇದನ್ನು ಹಂತಹಂತವಾಗಿ ವಿವರಿಸಿದ್ದಾನೆ. ಮೂರು ವರ್ಷಗಳ ಮೇಲೆ ನಮ್ಮ ಕನ್ನಡ ಜಿಲ್ಲೆಯ ಘಟ್ಟದಡಿಯಲ್ಲಿ ಕುಮರಿ ಬೇಸಾಯವನ್ನು ಕಂಡಾಗ ಅದು ಆತನಿಗೆ ಹೊಸದಾಗಿರಲಿಲ್ಲ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರ ಕುಮರಿಯನ್ನು ಕಾಡಿನ ಶತ್ರುವೆಂದು ಬಗೆದು ಅಡಗಿಸಿತು. ಅಡಗಿಸುವ ಮೊದಲು ಅದು ಹೇಗೆ ನಡೆಯುತ್ತಿತ್ತೆಂಬುದಕ್ಕೆ ಬುಕಾನನ್ನನ ಪುಟಗಳು ಒಳ್ಳೆಯ ಸಾಕ್ಷಿ.

ಈ ದೋಣಿಯಾತ್ರೆಯ ದಿನಚರಿ ಸುಮಾರು ಇನ್ನೂರು ವರ್ಷ ಹಸ್ತಪ್ರತಿಯಾಗಿಯೇ ಬಿದ್ದಿತ್ತು. ವಿಲೆಮ್ ಫಾನ್ ಸ್ಕೆಂಡಲ್ ಎಂಬ ಡಚ್ ವಿದ್ವಾಂಸರು ಅದನ್ನು ಸಂಪಾದಿಸಿ 1992ರಲ್ಲಿ ಢಾಕಾದಲ್ಲಿ ಅಚ್ಚು ಹಾಕಿಸಿದರು. ಅಷ್ಟು ಹೊತ್ತಿಗೆ ಆ ಹೊಳೆಯೇ ಬೇರೆಯಾಗಿತ್ತು. 1962ರಲ್ಲಿ ಮುಗಿದ ಕಪ್ತಾಯ್ ಅಣೆಕಟ್ಟಿನಿಂದ ಕರ್ಣಫುಲಿಯ ಕಣಿವೆ ಸರೋವರವಾಯಿತು. ಸುಮಾರು ಒಂದು ಲಕ್ಷ ಜನ, ಬಹುಪಾಲು ಚಕಮಾಗಳು, ಎದ್ದು ಹೋಗಬೇಕಾಯಿತು. ಅವರ ಅರಸನ ಅರಮನೆಯೂ ನೀರಿನೊಳಗೆ ಹೋಯಿತು. ಹೇಮಾವತಿಯ ಹಿನ್ನೀರಿನಲ್ಲಿ ಊರನ್ನು ಬಿಟ್ಟವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ. ಮುಳುಗಿದ ಊರಿನ ಗಡಿಗುರುತುಗಳನ್ನು ಹೇಳುವುದಕ್ಕೆ ಅವರ ನೆನಪೊಂದೇ ಉಳಿದಿದೆ. ಕರ್ಣಫುಲಿಯವರಿಗೆ ಆ ನೆನಪಿನ ಜೊತೆಗೆ ಒಂದು ದಿನಚರಿಯೂ ಉಂಟು. ಕಂಪನಿ ಮೆಣಸಿಗಾಗಿ ಬರೆಸಿದುದು ಇಂಥ ಕೆಲಸಕ್ಕೆ ಒದಗಿತು.

ನಮ್ಮ ನಾಡಿಗೆ ಬಂದ ಬುಕಾನನ್ನನಿಗೆ ಅಷ್ಟು ವಿರಾಮವಿರಲಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿ ಬೇಸಾಯ, ದನಕರು, ಮೆಣಸು, ಗಂಧ, ಏಲಕ್ಕಿ, ಗಣಿ, ಕೈಗಾರಿಕೆ ಎಂದು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದ. ಒಂದೊಂದು ಊರಿನಲ್ಲಿ ಒಂದೆರಡು ದಿನ. ಮಾತೆಲ್ಲ ದುಭಾಷಿಯ ಮೂಲಕ. ಪುಸ್ತಕವನ್ನು ಓದುತ್ತ ಹೋದಂತೆ ಸೇರು ಕೊಳಗಗಳ ಲೆಕ್ಕ, ಕಂದಾಯದ ಲೆಕ್ಕ ಬೇಸರ ತರಿಸುವುದುಂಟು. ಊರಿನ ಹೆಸರುಗಳನ್ನು ಆತನ ಬರವಣಿಗೆಯಿಂದ ಬಿಡಿಸುವುದೇ ಒಂದು ವಿನೋದ. ಕಾರವಾರದ ಕಡೆಯಿಂದ ಘಟ್ಟವನ್ನೇರಿ ಯಲ್ಲಾಪುರ, ಸೋಂದೆಗಳನ್ನು ಸೇರಿದಾಗ ಮಾತ್ರ ಹಳೆಯ ಬುಕಾನನ್ ಎಚ್ಚರಗೊಳ್ಳುತ್ತಾನೆ. ಹವ್ಯಕರ ಅಡಕೆ ತೋಟಗಳಲ್ಲಿ ಮೆಣಸಿನ ಬಳ್ಳಿಯನ್ನು ಹೇಗೆ ಹಬ್ಬಿಸುತ್ತಾರೆ, ಸೊಪ್ಪಿನ ಗೊಬ್ಬರವನ್ನು ಯಾವಾಗ ಹಾಕುತ್ತಾರೆ ಎಂಬುದನ್ನು ಆತ ಬಿಡಿಸಿ ಬರೆದಿರುವ ಪುಟಗಳನ್ನು ಮಲೆನಾಡಿನವರು ಇಂದಿಗೂ ಓದಬಹುದು. ಚಿತ್ತಗಾಂಗಿನಲ್ಲಿ ಹುಡುಕಹೊರಟ ಬಳ್ಳಿ ಆತನಿಗೆ ಇಲ್ಲಿ ನಿಜವಾಗಿ ಸಿಕ್ಕಿತ್ತು.

1801ರಲ್ಲಿ, ಹಿಂದಿರುಗುವ ದಾರಿಯಲ್ಲಿ, ಆತ ಹಳೆಯಬೀಡು, ಬೇಲೂರು, ಹಾಸನಗಳನ್ನು ಹಾದು ಹೋದ. ಹೊಯ್ಸಳೇಶ್ವರನ ಗುಡಿಯನ್ನು ನೋಡಿ ಆತ ಬರೆದಿಟ್ಟ ಅಭಿಪ್ರಾಯ ನಮ್ಮವರಿಗೆ ಕೋಪ ತರುವಂಥದು. ಮನುಷ್ಯರ, ಪ್ರಾಣಿಗಳ ಆಕೃತಿಗಳಲ್ಲಿ ಸೊಗಸು ಕಾಣದೆಂದೂ, ಎಲೆಬಳ್ಳಿಗಳ ಕೆತ್ತನೆ ಮಾತ್ರ ಕೆಲವೆಡೆ ಬಹಳ ಅಚ್ಚುಕಟ್ಟಾಗಿದೆಯೆಂದೂ ಆತನ ತೀರ್ಪು. ಹೊಯ್ಸಳ ಶಿಲ್ಪವನ್ನು ಹೀಗೆ ತೂಗಿದವನಿಗೆ ರಸಿಕತೆಯಿಲ್ಲವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡಬಹುದು. ನನಗಾದರೋ, ಇದನ್ನು ಓದಿದಾಗಲೆಲ್ಲ ಹೋಪನ ಶಿಷ್ಯ ಕಣ್ಣ ಮುಂದೆ ನಿಲ್ಲುತ್ತಾನೆ. ಇಡೀ ಗುಡಿಯಲ್ಲಿ ಆತನಿಗೆ ಅರ್ಥವಾದುದು ಎಲೆ. ದೇವತೆಗಳ ಹೆಸರು ಹೇಳಿ ತೋರಿಸುವವರು ಆ ದಿನ ಜೊತೆಯಲ್ಲಿ ಸರಿಯಾಗಿ ಸಿಕ್ಕಿದ್ದರೆ ಬರೆಹ ಬೇರೆಯಾಗುತ್ತಿತ್ತೋ ಏನೋ.

ಮುಂದಿನ ಜೀವನವನ್ನು ಬೇಗ ಹೇಳಬಹುದು. 1802ರಲ್ಲಿ ನೇಪಾಳ, ಅನಂತರ ವೆಲ್ಲೆಸ್ಲಿಯ ವೈದ್ಯನಾಗಿ ಬ್ಯಾರಕ್‌ಪುರದ ಪ್ರಾಣಿಸಂಗ್ರಹದ ಮೇಲ್ವಿಚಾರಣೆ. 1807ರಿಂದ ಏಳು ವರ್ಷ ಬಂಗಾಳ, ಬಿಹಾರಗಳ ಮೋಜಣಿ. ಒಣಗಾಲದಲ್ಲಿ ಸಂಚಾರ, ಮಳೆಗಾಲದಲ್ಲಿ ಎಲ್ಲಿಯಾದರೂ ನಿಂತು ಬರವಣಿಗೆ. ಎಲ್ಲಿ ಹೊಳೆ ಸಿಕ್ಕಿದರೂ ಬೆಸ್ತರ ಬಲೆಯನ್ನು ನೋಡದೆ ಆತ ಮುಂದಕ್ಕೆ ಹೋಗಲಿಲ್ಲ. ಮೀನು, ಪ್ರಾಣಿಗಳ ಚಿತ್ರಗಳನ್ನು ಬರೆಯಲು ಹಾಲದಾರ್ ಎಂಬ ಬಂಗಾಳಿ ಕಲಾವಿದ ಜೊತೆಗಿದ್ದ. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರ ಕೈಗೆ ಬಂದರೂ ದೇಹ ಸೋತಿತ್ತು. ಮರುವರ್ಷ ಊರಿಗೆ ಹೊರಟಾಗ, ಚಿತ್ರಗಳೆಲ್ಲ ಕಂಪನಿಯ ಸ್ವತ್ತೆಂದು ಗವರ್ನರ್ ಜನರಲ್ ಮೊಯಿರಾ ಪ್ರಭು ತಡೆದುಬಿಟ್ಟ. ಇಪ್ಪತ್ತು ವರ್ಷಗಳ ದುಡಿಮೆಯ ಬಹುಭಾಗವನ್ನು ಕಲ್ಕತ್ತೆಯಲ್ಲಿ ಬಿಟ್ಟು, ವೈದ್ಯ ಸ್ಕಾಟ್ಲೆಂಡಿಗೆ ಹೋದ. ತಾಯಿಯ ಕಡೆಯ ಆಸ್ತಿ ಬಂದುದರಿಂದ 1818ರಲ್ಲಿ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರನ್ನು ಇಟ್ಟುಕೊಂಡ. 1822ರಲ್ಲಿ ಗಂಗೆಯ ಮತ್ತು ಅದರ ಕವಲುಗಳ ಮೀನುಗಳನ್ನು ಕುರಿತ ಪುಸ್ತಕ ಎಡಿನ್‌ಬರೋದಲ್ಲಿ ಹೊರಬಂದಾಗ ಅದರ ಮೇಲಿದ್ದುದು ಈ ಹೊಸ ಹೆಸರು.

ಇನ್ನು ಕೆರೆಯ ಮಾತು. ಆ ಪುಸ್ತಕ ಇನ್ನೂರಕ್ಕೂ ಹೆಚ್ಚು ಬಗೆಯ ಮೀನುಗಳನ್ನು ವಿವರಿಸುತ್ತದೆ. ಅವುಗಳಲ್ಲಿ ನೂರಕ್ಕೂ ಮೀರಿ ಶಾಸ್ತ್ರಕ್ಕೆ ಹೊಸವು. ಹೊಸ ಜೀವಿಗೆ ಹೆಸರಿಡುವಾಗ ಗ್ರೀಕ್, ಲ್ಯಾಟಿನ್ ಶಬ್ದವನ್ನು ಕಟ್ಟುವುದು, ಇಲ್ಲವೇ ಯಾರಾದರೂ ಪ್ರಭುವಿನ ಹೆಸರನ್ನು ಅಂಟಿಸುವುದು ಆ ಕಾಲದ ವಾಡಿಕೆ. ಬುಕಾನನ್ ಹಲವೆಡೆ ಬೆಸ್ತರ ಬಾಯಲ್ಲಿದ್ದ ಹೆಸರನ್ನೇ ಎತ್ತಿ ಶಾಸ್ತ್ರದ ಹೆಸರು ಮಾಡಿದ. ಕಾಟ್ಲಾ ಮೀನಿಗೆ ಕಾಟ್ಲಾ ಎಂದೇ, ಇಲಿಶ್ ಮೀನಿಗೆ ಇಲಿಶಾ ಎಂದೇ, ಮೃಗೇಲ್ ಮೀನಿಗೆ ಮೃಗಾಲ ಎಂದೇ ಇಟ್ಟ. ರೋಹುವಿಗೆ ಇಟ್ಟುದು ರೋಹಿತ ಎಂದು. ಚರಕಸಂಹಿತೆಯಲ್ಲಿ ಮೀನುಗಳೊಳಗೆ ಉತ್ತಮವೆನಿಸಿಕೊಂಡ ರೋಹಿತವೇ ಅದು. ಇಂದು ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ಸಾಕುವ ಪಟ್ಟೆಗಳ ಪುಟ್ಟ ಜೀಬ್ರಾ ಮೀನಿನ ಡಾನಿಯೋ ರೆರಿಯೋ ಎಂಬ ಹೆಸರಿನಲ್ಲಿ ರೆರಿಯೋ ಎಂದುದೂ ಆತನೇ.

ಕಾಟ್ಲಾ, ರೋಹು, ಮೃಗಾಲ ಈ ಮೂರೂ ಕಾವೇರಿಯ ಮೂಲದವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಉತ್ತರದಿಂದ ತಂದು ನಮ್ಮ ಕೆರೆಗಳಿಗೆ ಬಿಟ್ಟವು. ಸಾಲಗಾಮೆಯ ಕಡೆಯ ಕೆರೆಗಳಲ್ಲಿ ಹಿಡಿದು ತೂಗಿ ಮಾರುವ ಮೀನಿನಲ್ಲಿ ಇವೇ ಮುಖ್ಯ. ಮಾರುವವನೂ ಕೊಳ್ಳುವವನೂ ಕಾಟ್ಲಾ ಎನ್ನುತ್ತಾರೆ. ಪ್ರಾಣಿಶಾಸ್ತ್ರದ ಅಧ್ಯಾಪಕರೂ ಕಾಟ್ಲಾ ಎಂದೇ ಬರೆದು, ಮುಂದೆ ಕಂಸದಲ್ಲಿ ಹ್ಯಾಮಿಲ್ಟನ್, 1822 ಎಂದು ಸೇರಿಸುತ್ತಾರೆ. ಮೀನನ್ನು ಬಲೆಯಿಂದ ಬಿಡಿಸಿ, ಇದಕ್ಕೆ ಹೀಗೆನ್ನುತ್ತೇವೆ ಎಂದು ಮೊದಲು ಹೇಳಿದ ಬಂಗಾಳದ ಬೆಸ್ತನಿಗೆ ಕಂಸದಲ್ಲಿ ಸ್ಥಳವಿಲ್ಲ. ಆದರೆ ಕಂಸದ ಹೊರಗಿರುವ ಮಾತು ಅವನದೇ.

ಬುಕಾನನ್ 1829ರ ಜೂನ್ 15ರಂದು ತೀರಿಕೊಂಡ. ಕಲ್ಕತ್ತೆಯಲ್ಲಿ ಉಳಿದ ಚಿತ್ರಗಳು ಮರಳಿ ಆತನ ಕೈ ಸೇರಲೇ ಇಲ್ಲ. ಬಂಗಾಳ, ಬಿಹಾರಗಳ ಮೋಜಣಿಯ ವರದಿಗಳನ್ನು ಮಾಂಟ್‌ಗೊಮರಿ ಮಾರ್ಟಿನ್ ಎಂಬಾತ ಕತ್ತರಿಸಿ, 1838ರಲ್ಲಿ ಪೂರ್ವ ಇಂಡಿಯದ ಚರಿತ್ರೆಯೆಂದು ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ಮುಖಪುಟದಲ್ಲಿ ಮಾರ್ಟಿನ್ನನ ಹೆಸರು ಇದೆ. ಬುಕಾನನ್ ಎಂದಾಗಲಿ ಹ್ಯಾಮಿಲ್ಟನ್ ಎಂದಾಗಲಿ ಅಲ್ಲಿ ಇಲ್ಲ.